ಔಷಧದ ಕಿಟಕಿಯಿಂದ: ಗಡಿಯಾರ ನೋಡಿಕೊಂಡು ಬರುವ ತಲೆನೋವು, ಹಿಂತಲೆಗೊಂದು ಸೂಜಿ

ಹೋದ ವರ್ಷ ಇದೇ ಪುಟದಲ್ಲಿ ಉಪವಾಸದ ದಿನಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂದು ಬರೆದಿದ್ದೆವು. ಅದನ್ನು ಓದಿದವರು ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಮಾತನಾಡಿಸಿದಿರಿ, ಸಂತೋಷ. ಆ ಮಾತುಗಳ ನಡುವೆ ಒಂದಿಬ್ಬರು ಕೇಳಿದ ಪ್ರಶ್ನೆ ಈ ವರ್ಷದ ಬರಹಕ್ಕೆ ಕಾರಣವಾಯಿತು. "ತಲೆನೋವಿಗೆ ಹಿಂತಲೆಯ ನರಕ್ಕೇ ಇಂಜೆಕ್ಷನ್ ಕೊಡುತ್ತಾರಂತೆ. ನರ ಸತ್ತುಹೋಗುವುದಿಲ್ಲವಾ?"

ಸಣ್ಣ ಉತ್ತರ: ಸಾಯುವುದಿಲ್ಲ. ಆದರೆ ಯಾವ ತಲೆನೋವಿಗೆ ಈ ಸೂಜಿ, ಅದರಲ್ಲಿ ಏನಿರುತ್ತದೆ, ಎಷ್ಟು ದಿನ ಕೆಲಸ ಮಾಡುತ್ತದೆ, ಆಮೇಲೆ ಏನು ಮಾಡಬೇಕು ಎಂಬುದು ಸಣ್ಣ ಉತ್ತರಕ್ಕೆ ಸಿಗುವಂಥದ್ದಲ್ಲ. ನಾವು ಡಿ.ಫಾರ್ಮ ಓದಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೂತವರು. ರೋಗ ಯಾವುದೆಂದು ಹೇಳುವುದು ವೈದ್ಯರ ಕೆಲಸ. ಆ ಸೂಜಿಯೊಳಗೆ ಹೋಗುವ ಮದ್ದನ್ನು ತೆಗೆದು, ನೋಡಿ, ಪರೀಕ್ಷಿಸಿ ಕೊಡುವುದು ನಮ್ಮ ಕೆಲಸ. ಆ ಬದಿಯಿಂದ ಕಂಡದ್ದನ್ನು ಹೇಳುತ್ತೇವೆ.

ಯಾವುದು ಈ ತಲೆನೋವು?

ಕ್ಲಸ್ಟರ್ ಎಂದರೆ ಗೊಂಚಲು. ದಾಳಿಗಳು ಗೊಂಚಲು ಗೊಂಚಲಾಗಿ ಬರುವುದರಿಂದ ಈ ಹೆಸರು. ಕೆಲವು ವಾರ ಅಥವಾ ತಿಂಗಳುಗಳ ಕಾಲ ದಿನಾ ಕಾಡುತ್ತದೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಳಿವಿಲ್ಲ. ಮತ್ತೊಂದು ದಿನ ಅದೇ ಬದಿಯಲ್ಲಿ ಹಾಜರ್. ಸುಮಾರು ಸಾವಿರಕ್ಕೊಬ್ಬರಲ್ಲಿ ಕಾಣುವ ಕಾಯಿಲೆ ಇದು, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು.

ನೋವು ಒಂದೇ ಬದಿಗೆ. ಕಣ್ಣಿನ ಹಿಂದೆ, ಹುಬ್ಬಿನ ಮೇಲೆ, ಕೆನ್ನೆಲುಬಿನ ಹತ್ತಿರ ಕಾಯಿಸಿದ ಸಲಾಕೆ ಚುಚ್ಚಿದ ಹಾಗೆ. ಆ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತುಬೀಳುತ್ತದೆ, ಆ ಬದಿಯ ಮೂಗು ಕಟ್ಟುತ್ತದೆ ಇಲ್ಲವೇ ಸೋರುತ್ತದೆ. ಒಂದು ದಾಳಿ 15 ನಿಮಿಷದಿಂದ 3 ಗಂಟೆಯವರೆಗೆ ಇರಬಹುದು. ಎರಡು ದಿನಕ್ಕೊಮ್ಮೆ ಬರುವವರಿದ್ದಾರೆ, ದಿನಕ್ಕೆ 8 ಸಲ ಬರುವವರೂ ಇದ್ದಾರೆ.

ನಮ್ಮಲ್ಲಿ ಒಂದು ಬದಿಗೆ ಬರುವ ನೋವನ್ನೆಲ್ಲ 'ಅರೆತಲೆನೋವು' ಎಂದುಬಿಡುವ ರೂಢಿ. ಅರೆತಲೆನೋವು ಎಂದರೆ ಮೈಗ್ರೇನ್. ಅದು ಬಂದವರು ಕೋಣೆ ಕತ್ತಲು ಮಾಡಿ, ಅಲುಗಾಡದೆ ಮಲಗಲು ಬಯಸುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ 4 ಗಂಟೆಯಿಂದ 3 ದಿನ ಎಳೆಯಬಹುದು. ಕ್ಲಸ್ಟರ್‌ನವರಿಗೆ ಮಲಗುವುದೇ ಆಗದು. ಎದ್ದು ಓಡಾಡುತ್ತಾರೆ, ಕುರ್ಚಿಯಲ್ಲಿ ಕೂತು ಮುಂದೆ ಹಿಂದೆ ತೂಗುತ್ತಾರೆ, ಗೋಡೆಗೆ ಹಣೆ ಒತ್ತುತ್ತಾರೆ. ವೈದ್ಯರ ಮುಂದೆ ಈ ಒಂದು ವ್ಯತ್ಯಾಸವನ್ನು ಸರಿಯಾಗಿ ಹೇಳಿದರೂ ಅರ್ಧ ಕೆಲಸ ಆದ ಹಾಗೆ.

ಇದರ ಇನ್ನೊಂದು ಗುಣ ಸಮಯಪಾಲನೆ. ದಿನಾ ಅದೇ ಹೊತ್ತಿಗೆ, ಹೆಚ್ಚಾಗಿ ನಿದ್ದೆ ಹತ್ತಿದ ಒಂದೆರಡು ಗಂಟೆಗೆ ಎಬ್ಬಿಸುತ್ತದೆ. 18ನೇ ಶತಮಾನದಲ್ಲೇ ವ್ಯಾನ್ ಸ್ವೀಟನ್ ಎಂಬ ವೈದ್ಯರು ದಿನಾ ಒಂದೇ ಹೊತ್ತಿಗೆ ಕಣ್ಣಿನ ಮೇಲೆ ನೋವು ಬರುವ ರೋಗಿಯೊಬ್ಬನ ವಿಷಯ ಬರೆದಿಟ್ಟಿದ್ದಾರೆ. 1939ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ಬೇಯಾರ್ಡ್ ಹಾರ್ಟನ್ ಇದನ್ನು ವಿವರವಾಗಿ ಬರೆದ ಮೇಲೆ ಬಹಳ ಕಾಲ 'ಹಾರ್ಟನ್ ತಲೆನೋವು' ಎಂದೇ ಕರೆಯುತ್ತಿದ್ದರು. 1998ರಲ್ಲಿ ಲಂಡನ್ನಿನ ಸಂಶೋಧಕರು ದಾಳಿ ನಡೆಯುತ್ತಿರುವಾಗಲೇ ಮಿದುಳಿನ ಸ್ಕ್ಯಾನ್ ಮಾಡಿ, ಹೈಪೊಥಲಾಮಸ್ ಭಾಗ ಚುರುಕಾಗಿರುವುದನ್ನು ಕಂಡರು. ನಿದ್ದೆ, ಎಚ್ಚರಗಳ ಗಡಿಯಾರ ಇರುವುದೂ ಅಲ್ಲೇ. ಆದ್ದರಿಂದ "ರಾತ್ರಿ 2 ಗಂಟೆಗೆ ಸರಿಯಾಗಿ ಬರುತ್ತದೆ" ಎಂದು ಹೇಳುವವರನ್ನು ಸುಳ್ಳು ಹೇಳುತ್ತಾರೆ, ನಾಟಕ ಮಾಡುತ್ತಾರೆ ಎಂದುಕೊಳ್ಳಬೇಡಿ.

ಬಂಕ್ ಬೆಡ್ಡಿನ ಮೇಲಿನ ರಾತ್ರಿಗಳು

ನಮ್ಮ ಕಿಟಕಿಗೆ ಬಂದವರೊಬ್ಬರ ವಿಷಯ ಹೇಳುತ್ತೇವೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇವೆ. ಕುಂದಾಪುರ ಕಡೆಯವರು, ಡ್ರೈವರ್ ಕೆಲಸ, ಆರು ಜನರ ರೂಮಿನಲ್ಲಿ ವಾಸ. ವರ್ಷಕ್ಕೊಮ್ಮೆ, ಸೆಕೆ ಇಳಿದು ಚಳಿ ಶುರುವಾಗುವ ಹೊತ್ತಿಗೆ ಈ ನೋವು. ರಾತ್ರಿ ಎದ್ದು ಕಾರಿಡಾರಿನಲ್ಲಿ ಓಡಾಡುವುದು, ಬಾತ್‌ರೂಮಿನ ಗೋಡೆಗೆ ತಲೆ ಒತ್ತಿ ನಿಲ್ಲುವುದು. ರೂಮಿನವರಿಗೆ ಮೊದಲು ಭಯ, ಆಮೇಲೆ ಬೇಸರ. ಒಬ್ಬರು ಊರಿನಿಂದ ತಾಯಿತ ತರಿಸಿಕೊಟ್ಟರಂತೆ. ರಜೆಗೆ ಹೋದಾಗ ಹಲ್ಲಿನ ನೋವೆಂದು ಎರಡು ಹಲ್ಲು ಕೀಳಿಸಿದ್ದೂ ಆಯಿತು, ಸೈನಸ್ ಎಂದು ಆ್ಯಂಟಿಬಯಾಟಿಕ್ ನುಂಗಿದ್ದೂ ಆಯಿತು. ಪ್ರತಿ ಸಲವೂ ಎರಡು ತಿಂಗಳಿಗೆ ನೋವು ತಾನಾಗಿಯೇ ಹೋಗುತ್ತಿತ್ತು. ಹಾಗಾಗಿ ಕಡೆಯಲ್ಲಿ ಏನು ಮಾಡಿದ್ದರೋ ಅದರಿಂದಲೇ ಗುಣವಾಯಿತು ಎಂಬ ನಂಬಿಕೆ.

ಹೀಗೆ ಹಲ್ಲು ಕಳೆದುಕೊಂಡ, ಸೈನಸ್ ಚಿಕಿತ್ಸೆ ಪಡೆದ ಕ್ಲಸ್ಟರ್ ರೋಗಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಕಡೆಗೊಮ್ಮೆ ಇವರು ನರರೋಗ ತಜ್ಞರನ್ನು ಕಂಡರು. ಎಂಆರ್‌ಐ ಆಯಿತು, ಬೇರೆ ಕಾರಣ ಇಲ್ಲವೆಂದು ಖಚಿತವಾಯಿತು. ವೈದ್ಯರು ಒಂದು ಮಾತ್ರೆ ಬರೆದು, ಜೊತೆಗೆ ಹಿಂತಲೆಗೆ ನರ್ವ್ ಬ್ಲಾಕ್ ಇಂಜೆಕ್ಷನ್ ಹೇಳಿದರು. ಆಗ ನಮ್ಮ ಕಿಟಕಿಯ ಮುಂದೆ ನಿಂತು ಅವರು ಕೇಳಿದ್ದು ಇದು: "ಹೆಂಡತಿ ಫೋನಲ್ಲಿ ಅಳ್ತಾ ಇದ್ದಾಳೆ ಮಾರಾಯ್ರೇ. ನರಕ್ಕೆ ಸೂಜಿ ಹಾಕಿಸಿಕೊಳ್ಬೇಡಿ, ಕೈಕಾಲು ಬಿದ್ದು ಹೋದ್ರೆ ಮಕ್ಕಳ ಗತಿ ಎಂತ ಅಂತ. ನೀವೇ ಹೇಳಿ, ಹಾಕಿಸಿಕೊಳ್ಳುದಾ ಬೇಡ್ವಾ?"

ಹಿಂತಲೆಗೇಕೆ ಸೂಜಿ?

ನೋವು ಇರುವುದು ಕಣ್ಣಿನ ಹಿಂದೆ, ಸೂಜಿ ಹಾಕುವುದು ಹಿಂತಲೆಗೆ. ಇದು ಎಲ್ಲರಿಗೂ ವಿಚಿತ್ರವಾಗಿ ಕಾಣುತ್ತದೆ. ಮಂಗಳೂರಿನ ನಂತೂರು ವೃತ್ತ ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಉಡುಪಿ ಕಡೆಯ ದಾರಿ, ಪಂಪ್‌ವೆಲ್ ಕಡೆಯ ದಾರಿ, ಮೂಡುಬಿದಿರೆ ಕಡೆಯ ದಾರಿ ಎಲ್ಲವೂ ಅಲ್ಲಿ ಸೇರುತ್ತವೆ. ಒಂದು ದಾರಿಯಲ್ಲಿ ಗಾಡಿಗಳು ಮುತ್ತಿಕೊಂಡರೆ ಉಳಿದ ದಾರಿಗಳೂ ಕಟ್ಟಿಕೊಳ್ಳುತ್ತವೆ. ಒಂದು ಕಡೆಯ ಗಾಡಿಗಳನ್ನು ಸ್ವಲ್ಪ ಹೊತ್ತು ತಡೆದರೆ ಇಡೀ ವೃತ್ತವೇ ಸಡಿಲವಾಗುತ್ತದೆ.

ಮುಖ, ಕಣ್ಣುಗಳ ನೋವನ್ನು ಹೊತ್ತು ತರುವುದು ಟ್ರೈಜೆಮಿನಲ್ ನರ. ಹಿಂತಲೆಯ ಸಂವೇದನೆ ತರುವುದು ಗ್ರೇಟರ್ ಆಕ್ಸಿಪಿಟಲ್ ಎಂಬ ನರ. ಇದು ಕುತ್ತಿಗೆಯ ಎರಡನೇ ನರದ ಕವಲು. ಈ ಎರಡೂ ದಾರಿಗಳು ಮಿದುಳಿನ ಕಾಂಡದ ಕೆಳಭಾಗದಲ್ಲಿ, ಕುತ್ತಿಗೆ ಶುರುವಾಗುವಲ್ಲಿ ಒಂದೇ ಜಂಕ್ಷನ್ನಿಗೆ ಬಂದು ಸೇರುತ್ತವೆ. ಹಿಂತಲೆಯ ದಾರಿಯನ್ನು ಶಾಂತ ಮಾಡಿದರೆ ಜಂಕ್ಷನ್ನಿನ ಉದ್ವೇಗ ಇಳಿಯುತ್ತದೆ, ಕಣ್ಣಿನ ಕಡೆಯ ನೋವೂ ತಗ್ಗುತ್ತದೆ. ಚಿಕಿತ್ಸೆಯ ಹಿಂದಿನ ತರ್ಕ ಇಷ್ಟೇ.

'ಬ್ಲಾಕ್' ಎಂಬ ಪದವೇ ಜನರನ್ನು ಹೆದರಿಸುವುದು. ಇಲ್ಲಿ ನರ ಕೊಯ್ಯುವುದಿಲ್ಲ, ಸುಡುವುದಿಲ್ಲ. ಸೂಜಿ ಬೆನ್ನುಹುರಿಯ ಒಳಕ್ಕೆ ಹೋಗುವುದಿಲ್ಲ, ತಲೆಬುರುಡೆಯ ಹೊರಗೆ, ಚರ್ಮದ ಅಡಿಯಲ್ಲೇ ಇರುತ್ತದೆ. ಕೈಕಾಲು ಆಡಿಸುವ ನರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಲ್ಲು ಕೀಳುವಾಗ ದವಡೆ ಮರಗಟ್ಟಿಸುತ್ತಾರಲ್ಲ, ಅದೇ ಜಾತಿಯ ಮದ್ದು ಇಲ್ಲಿಯೂ. ಆ ಡ್ರೈವರಣ್ಣನಿಗೂ ಇದನ್ನೇ ಹೇಳಿದೆವು. ಅವರ ಫೋನಿನಲ್ಲೇ ಅವರ ಹೆಂಡತಿಗೂ ಹೇಳಿದೆವು.

ಸೂಜಿಯೊಳಗೆ ಏನಿದೆ?

ಸಾಮಾನ್ಯವಾಗಿ ಎರಡು ಮದ್ದು. ಮೊದಲನೆಯದು ಮರಗಟ್ಟಿಸುವ ಲಿಗ್ನೊಕೇನ್ ಅಥವಾ ಬ್ಯುಪಿವಕೇನ್. ಇದರ ಕೆಲಸ ಕೆಲವು ಗಂಟೆ ಮಾತ್ರ. ಎರಡನೆಯದು ಸ್ಟೀರಾಯ್ಡ್: ಮೀಥೈಲ್‌ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಇತ್ಯಾದಿಗಳಲ್ಲಿ ಒಂದು. ಕ್ಲಸ್ಟರ್ ತಲೆನೋವಿನಲ್ಲಿ ವಾರಗಟ್ಟಲೆ ಉಳಿಯುವ ಪರಿಣಾಮಕ್ಕೆ ಸ್ಟೀರಾಯ್ಡ್ ಮುಖ್ಯ.

ಇದನ್ನು ಅಂದಾಜಿನಿಂದ ಹೇಳುತ್ತಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 23 ರೋಗಿಗಳಿದ್ದರು. ಬೀಟಾಮೆಥಾಸೋನ್ ಪಡೆದ 13 ಜನರಲ್ಲಿ 11 ಮಂದಿಗೆ ಮೊದಲ ವಾರದಲ್ಲೇ ದಾಳಿ ನಿಂತಿತು, ಅವರಲ್ಲಿ 8 ಮಂದಿ ನಾಲ್ಕು ವಾರ ಆರಾಮವಾಗಿದ್ದರು. ಸ್ಟೀರಾಯ್ಡ್ ಇಲ್ಲದ ಸೂಜಿ ಪಡೆದ 10 ಜನರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. 2011ರಲ್ಲಿ ಫ್ರಾನ್ಸಿನಲ್ಲಿ 43 ಜನರ ಮೇಲೆ ನಡೆದ ಅಧ್ಯಯನವೂ ಸ್ಟೀರಾಯ್ಡ್ ಸೂಜಿಯ ಪರವಾಗಿಯೇ ಬಂತು. ದೊಡ್ಡ ಸಂಖ್ಯೆಗಳಲ್ಲ, ನಿಜ. ಆದರೂ ಅಮೆರಿಕದ ತಲೆನೋವು ತಜ್ಞರ ಸಂಘ 2016ರ ಮಾರ್ಗಸೂಚಿಯಲ್ಲಿ ಕ್ಲಸ್ಟರ್ ದಾಳಿ ತಡೆಯಲು ಹಿಂತಲೆಯ ಸ್ಟೀರಾಯ್ಡ್ ಸೂಜಿಗೆ ಅತ್ಯುನ್ನತ ದರ್ಜೆಯ ಶಿಫಾರಸು ಕೊಟ್ಟಿತು.

ಈ ಆರ್ಡರ್ ಬಂದಾಗ ನಮ್ಮ ಮೇಜಿನ ಮೇಲೆ ಏನು ನಡೆಯುತ್ತದೆ ಎಂಬುದು ರೋಗಿಗೆ ಕಾಣುವುದಿಲ್ಲ. ಲಿಗ್ನೊಕೇನ್ ಬಾಟಲಿಯಲ್ಲಿ ಬರಿಯದು ಒಂದು, ಅಡ್ರಿನಲಿನ್ ಬೆರೆತದ್ದು ಇನ್ನೊಂದು. ಬ್ಯುಪಿವಕೇನ್‌ನಲ್ಲಿ ಸಾದಾ ಒಂದು, ಬೆನ್ನಿಗೆ ಕೊಡುವ 'ಹೆವಿ' ಇನ್ನೊಂದು. ಹೆಸರು ಒಂದೇ, ಕೆಲಸ ಬೇರೆ. ಲೇಬಲ್ಲನ್ನು ಇಬ್ಬರು ಓದಿಯೇ ಹೊರಗೆ ಬಿಡುತ್ತೇವೆ. ಮೀಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟ್ ನೀರು ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ, ಇಟ್ಟರೆ ಅಡಿಗೆ ಇಳಿಯುತ್ತದೆ, ಚೆನ್ನಾಗಿ ಅಲುಗಾಡಿಸಬೇಕು. ಕೆಲವು ಬಾಟಲಿಗಳಲ್ಲಿ ಕೆಡದಂತೆ ಹಾಕಿರುವ ರಾಸಾಯನಿಕ ಇನ್ನೊಂದು ಮದ್ದಿನ ಜೊತೆ ಸೇರಿದಾಗ ಹಾಲು ಒಡೆದ ಹಾಗೆ ಚೂರುಗಳಾಗಬಹುದು. ಆದ್ದರಿಂದ ಯಾವುದರ ಜೊತೆ ಯಾವುದು ಬೆರೆಯುತ್ತದೆ ಎಂದು ಮೊದಲೇ ನೋಡಿ ವೈದ್ಯರಿಗೆ ತಿಳಿಸುತ್ತೇವೆ.

ಆ ದಿನ ಏನಾಗುತ್ತದೆ?

ಕುರ್ಚಿಯಲ್ಲಿ ಕೂರಿಸಿ ತಲೆಯನ್ನು ಮುಂದಕ್ಕೆ ಬಾಗಿಸುತ್ತಾರೆ. ಹಿಂತಲೆಯ ನಡುವಿನ ಉಬ್ಬು ಮೂಳೆಯಿಂದ ಕಿವಿಯ ಹಿಂದಿನ ಮೂಳೆಯವರೆಗೆ ಒಂದು ಗೆರೆ ಕಲ್ಪಿಸಿಕೊಳ್ಳಿ. ಉಬ್ಬಿನಿಂದ ಸುಮಾರು ಮೂರನೇ ಒಂದು ಭಾಗ ದೂರದಲ್ಲಿ ನರ ಹಾದುಹೋಗುತ್ತದೆ. ನೋವಿರುವ ಬದಿಯಲ್ಲೇ ತೆಳುವಾದ ಸೂಜಿಯಿಂದ ಕೆಲವೇ ಮಿಲಿ ಮದ್ದು. ಐದು ಹತ್ತು ನಿಮಿಷದ ಕೆಲಸ. ಸಾಮಾನ್ಯವಾಗಿ ಕೂದಲು ಬೋಳಿಸಬೇಕಾಗಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಹಿಂತಲೆಯಿಂದ ನೆತ್ತಿಯವರೆಗೆ ಜೋಮು ಹಿಡಿದ ಹಾಗಾಗುತ್ತದೆ. ಹೆದರಬೇಡಿ, ಮದ್ದು ಸರಿಯಾದ ಜಾಗಕ್ಕೆ ಬಿದ್ದಿದೆ ಎಂದರ್ಥ. ಕೆಲವರಿಗೆ ತಲೆ ತಿರುಗಬಹುದು, ಹಾಗಾಗಿ ಅರ್ಧ ಗಂಟೆ ಕೂರಿಸುತ್ತಾರೆ. ಆ ದಿನ ನೀವೇ ಗಾಡಿ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ಅಪರೂಪಕ್ಕೆ ಅಲ್ಲಿ ಕೂದಲು ಉದುರಿ ಕಾಸಿನಷ್ಟು ಜಾಗ ಬರಿದಾಗುವುದು, ಚರ್ಮ ತೆಳುವಾಗುವುದು ಉಂಟು. ಕೆಲವರಿಗೆ ಸೂಜಿ ಏನೂ ಗುಣ ಕೊಡದಿರಬಹುದು ಎಂಬುದನ್ನೂ ತಿಳಿದಿರಿ.

ಈ ವಿಷಯಗಳನ್ನು ಸೂಜಿಗೆ ಮುಂಚೆ ಹೇಳಲೇಬೇಕು: ಸಕ್ಕರೆ ಕಾಯಿಲೆ ಇದ್ದರೆ (ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯ ಮೀಟರಿನಲ್ಲಿ ನೋಡುತ್ತಿರಬೇಕು), ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಲ್ಲಿನ ಆಸ್ಪತ್ರೆಯಲ್ಲಿ ಮರಗಟ್ಟಿಸುವ ಮದ್ದಿಗೆ ಅಲರ್ಜಿ ಆಗಿದ್ದರೆ, ತಲೆಬುರುಡೆಗೆ ಹಿಂದೆ ಆಪರೇಷನ್ ಆಗಿದ್ದರೆ, ಆ ಜಾಗದಲ್ಲಿ ಹುಣ್ಣು ಕುರು ಇದ್ದರೆ, ಗರ್ಭಿಣಿಯಾಗಿದ್ದರೆ.

ಸೂಜಿ ಸೇತುವೆ, ಊರಲ್ಲ

ಈಗ ಈ ಬರಹದಲ್ಲಿ ನೀವು ಮರೆಯಬಾರದ ಮಾತು. ಸೂಜಿಯ ಪರಿಣಾಮ ಕೆಲವು ದಿನದಿಂದ ಕೆಲವು ವಾರ. ಅದು ಕಾಯಿಲೆಯನ್ನು ಬುಡಸಮೇತ ತೆಗೆಯುವುದಿಲ್ಲ. ದಾಳಿ ತಡೆಯುವ ಮುಖ್ಯ ಮಾತ್ರೆ ವೆರಪಮಿಲ್. ಅದನ್ನು ಸಣ್ಣ ಡೋಸಿನಿಂದ ಶುರುಮಾಡಿ, ನಡುನಡುವೆ ಇಸಿಜಿ ನೋಡಿಕೊಂಡು ಏರಿಸಬೇಕು. ಪೂರ್ತಿ ಕೆಲಸ ಮಾಡಲು ವಾರಗಳು ಬೇಕು. ಅಷ್ಟರವರೆಗೆ ರೋಗಿ ರಾತ್ರಿ ರಾತ್ರಿ ಗೋಡೆಗೆ ತಲೆ ಒತ್ತಿಕೊಂಡು ಕಾಯಬಾರದಲ್ಲ, ಅದಕ್ಕೆ ಈ ಸೂಜಿಯ ಸೇತುವೆ.

ನಮ್ಮ ಡ್ರೈವರಣ್ಣ ಸೂಜಿ ಹಾಕಿಸಿಕೊಂಡರು. ಮೂರನೇ ರಾತ್ರಿ ಬೆಳಗಿನವರೆಗೆ ಮಲಗಿದರಂತೆ. ವಾರ ಕಳೆದು ಬಂದು, "ಸಾರ್, ರೂಮಿನವರೂ ಮಲಗಿದ್ರು" ಎಂದು ನಕ್ಕರು. ಅಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ನೋವೇ ಇಲ್ಲವಲ್ಲ, ಬಿ.ಪಿ. ಮಾತ್ರೆ ಯಾಕೆ ಎಂದು ಅವರೇ ವೆರಪಮಿಲ್ ನಿಲ್ಲಿಸಿಬಿಟ್ಟರು. ಡಬ್ಬಿಯ ಒಳಗಿನ ಕಾಗದದಲ್ಲಿ ರಕ್ತದೊತ್ತಡ ಎಂದು ಬರೆದಿತ್ತು, ನನಗೆ ಬಿ.ಪಿ. ಇಲ್ಲ ಎಂಬುದು ಅವರ ಲೆಕ್ಕ. ಐದನೇ ವಾರಕ್ಕೆ ಸೂಜಿಯ ಬಲ ಇಳಿಯಿತು, ಆ ಸುತ್ತು ಇನ್ನೂ ಮುಗಿದಿರಲಿಲ್ಲ. ರಾತ್ರಿ 2 ಗಂಟೆಯ ಅತಿಥಿ ಮತ್ತೆ ಬಂದ. ಅವರು ಕೇಳಿದ್ದು ಇನ್ನೊಂದು ಸೂಜಿ. ವೈದ್ಯರು ಸೂಜಿ ಕೊಡದೆ ಮಾತ್ರೆ ಪುನಃ ಶುರುಮಾಡಿಸಿದರು, ದಾಳಿ ಬಂದಾಗ ಬಳಸಲು ಆಮ್ಲಜನಕ ಬರೆದುಕೊಟ್ಟರು. ಸ್ಟೀರಾಯ್ಡ್ ಸೂಜಿಗಳ ನಡುವೆ ಸಾಮಾನ್ಯವಾಗಿ ಮೂರು ತಿಂಗಳ ಅಂತರ ಇಡುತ್ತಾರೆ, ಬೇಕೆಂದಾಗಲೆಲ್ಲ ಕೊಡುವುದಿಲ್ಲ.

ವೆರಪಮಿಲ್ ತೆಗೆದುಕೊಳ್ಳುವವರು ಇನ್ನೆರಡು ವಿಷಯ ನೆನಪಿಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ಮೊದಲೇ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ, ಎರಡೂ ಸೇರಿದರೆ ಹೃದಯದ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ಗ್ರೇಪ್‌ಫ್ರೂಟ್ ಜ್ಯೂಸ್ ಬೇಡ. ಮಲಬದ್ಧತೆ ಆಗುತ್ತದೆ, ಅದಕ್ಕೆ ಉಪಾಯ ಕೇಳಿ, ಮಾತ್ರೆ ಬಿಡಬೇಡಿ.

ದಾಳಿ ಬಂದ ಹೊತ್ತಿಗೆ

ಪ್ಯಾರಾಸಿಟಮಾಲ್, ಬ್ರೂಫೆನ್ ಇದಕ್ಕೆ ಸಾಲವು. ಮಾತ್ರೆ ಕರಗುವ ಹೊತ್ತಿಗೆ ದಾಳಿಯೇ ಮುಗಿದಿರುತ್ತದೆ. ಇದಕ್ಕೆ ಸರಿಯಾದ ಮದ್ದು ಎರಡು. ಒಂದು, ಚರ್ಮದಡಿ ಕೊಡುವ ಸುಮಾಟ್ರಿಪ್ಟಾನ್ 6 ಮಿ.ಗ್ರಾಂ. ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ಬಿ.ಪಿ. ಇದ್ದವರಿಗೆ ಅದು ಸಲ್ಲದು. ಎರಡು, ಆಮ್ಲಜನಕ. ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 12ರಿಂದ 15 ಲೀಟರ್, 15-20 ನಿಮಿಷ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಮ್ಲಜನಕ ಪಡೆದಾಗ 78% ದಾಳಿಗಳು 15 ನಿಮಿಷದಲ್ಲಿ ಹತೋಟಿಗೆ ಬಂದವು, ಬರೀ ಗಾಳಿ ಕೊಟ್ಟಾಗ 20%. ಮನೆಯಲ್ಲಿಡುವ ಸಣ್ಣ ಕಾನ್ಸಂಟ್ರೇಟರ್ ಅಷ್ಟು ವೇಗ ಕೊಡದು, ಸಿಲಿಂಡರ್ ಬೇಕು. ಆ ರೂಮಿನಲ್ಲಿ ಸಿಗರೇಟು, ಒಲೆ ಖಂಡಿತ ಬೇಡ. ಸುತ್ತು ನಡೆಯುತ್ತಿರುವಷ್ಟು ದಿನ ಮದ್ಯವನ್ನು ಮುಟ್ಟಬೇಡಿ, ಒಂದು ಪೆಗ್ಗೇ ದಾಳಿ ಎಬ್ಬಿಸಲು ಸಾಕು.

ಪರದೇಶದಲ್ಲಿರುವ ನಮಗೆ ಮಾತ್ರ ಅನ್ವಯಿಸುವ ಕೆಲವು ಮಾತು. ಊರಿನಿಂದ ಬರುವವರ ಕೈಯಲ್ಲಿ 'ಬಲವಾದ ತಲೆನೋವಿನ ಮಾತ್ರೆ' ತರಿಸಬೇಡಿ. ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಸ್ವಂತಕ್ಕೆ ತರಬೇಕಾದರೂ ಪೂರ್ವಾನುಮತಿ ಬೇಕು. ಹೊತ್ತು ತಂದ ಅಮಾಯಕರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾರೆ. ಅಷ್ಟಾದರೂ ಕ್ಲಸ್ಟರ್‌ಗೆ ಅವು ಸರಿಯಾದ ಮದ್ದೂ ಅಲ್ಲ.

ಸೂಜಿಗೆ ಇನ್ಶೂರೆನ್ಸ್ ಅನುಮತಿ ಬೇಕಾಗಬಹುದು. ಸುತ್ತು ಶುರುವಾದ ಮೊದಲ ವಾರದಲ್ಲೇ ವೈದ್ಯರನ್ನು ಕಾಣಿ. ಎರಡು ತಿಂಗಳ ಕಾಯಿಲೆಗೆ ಆರನೇ ವಾರದಲ್ಲಿ ಅನುಮತಿ ಬಂದರೆ ಏನು ಪ್ರಯೋಜನ? ಸೂಜಿ ಆದ ಮೇಲೆ ತಾರೀಖು, ಮದ್ದಿನ ಹೆಸರು, ಪ್ರಮಾಣ ಬರೆಸಿ ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಿ. ಇಲ್ಲಿ ಒಂದು ಸೂಜಿ, ತಿಂಗಳಿಗೆ ರಜೆ ಹೋಗಿ ಊರಲ್ಲಿ ಇನ್ನೊಂದು ಎಂದಾದರೆ ಸ್ಟೀರಾಯ್ಡ್ ಮೈಯಲ್ಲಿ ಮೇಲಿಂದ ಮೇಲೆ ಸೇರುತ್ತದೆ. ಅಲ್ಲಿನ ವೈದ್ಯರಿಗೆ ಆ ಫೋಟೊ ತೋರಿಸಿ.

ಕಡೆಯದಾಗಿ ಒಂದು ಎಚ್ಚರಿಕೆ. ಎಲ್ಲ ತಲೆನೋವೂ ಕ್ಲಸ್ಟರ್ ಅಲ್ಲ. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗಿ ದೀಪದ ಸುತ್ತ ಬಣ್ಣದ ಬಳೆ ಕಾಣುವುದು, 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ಹೊಸ ತಲೆನೋವು. ಇವುಗಳಲ್ಲಿ ಒಂದಿದ್ದರೂ ಅಂಕಣ ಓದುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ನಿಮ್ಮ ರೂಮಿನಲ್ಲಿ, ಕ್ಯಾಂಪಿನಲ್ಲಿ, ಪಕ್ಕದ ಫ್ಲ್ಯಾಟಿನಲ್ಲಿ ರಾತ್ರಿ ಒಂದೇ ಹೊತ್ತಿಗೆ ಎದ್ದು ತಲೆ ಹಿಡಿದುಕೊಂಡು ಓಡಾಡುವವರು ಇದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ. ಅವರಿಗೆ ಹುಚ್ಚಿಲ್ಲ, ಗಾಳಿ ಸೋಂಕಿಲ್ಲ. ಹೆಸರಿರುವ ಕಾಯಿಲೆ, ಮದ್ದಿರುವ ಕಾಯಿಲೆ. ಸೂಜಿಗೆ ಹೆದರಿ ಬಿಡುವುದೂ ಬೇಡ, ಸೂಜಿಯನ್ನೇ ನಂಬಿ ಮಾತ್ರೆ ಬಿಡುವುದೂ ಬೇಡ. ಮುಂದಿನ ವರ್ಷದ ಸಂಚಿಕೆಗೆ ಯಾವ ಮದ್ದಿನ ಬಗ್ಗೆ ಬರೆಯಬೇಕೆಂದು ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಹೇಳಿ. ಎಲ್ಲರಿಗೂ ಒಳ್ಳೆಯ ನಿದ್ದೆ ಬರಲಿ.